ಪ್ರಶ್ನೋತ್ತರ: ಲೆನ್ಸ್ ಫ್ಲೇರ್ ನಕಲಿ ಅನ್ನಿಸುವುದು ಎಲ್ಲಿ?

ವಿಎಫ್‌ಎಕ್ಸ್ ಕಲಿಯುತ್ತಿರುವವರು ಮತ್ತು ಕಿರುಚಿತ್ರ ಮಾಡುವವರು ಲೆನ್ಸ್ ಫ್ಲೇರ್ (ಪ್ರಖರ ಬೆಳಕು ಲೆನ್ಸ್‌ಗೆ ಬಿದ್ದಾಗ ಚಿತ್ರದಲ್ಲಿ ಮೂಡುವ ಹೊಳಪು, ಕಲೆ, ಗೆರೆಗಳು) ಬಗ್ಗೆ ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರ: ಸಿಜಿಯಲ್ಲಿ (ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ) ಮಾಡಿದ ಆಕಾಶನೌಕೆಯ ಶಾಟ್ ಒಂದಕ್ಕೆ ಪ್ಲಗಿನ್ ಪ್ರಿಸೆಟ್‌ನಿಂದ ಸೂರ್ಯನ ಫ್ಲೇರ್ ಹಾಕಿದ್ದೇನೆ. ಫ್ಲೇರ್ ಒಂದನ್ನೇ ನೋಡಿದರೆ ಸೊಗಸಾಗಿದೆ. ಶಾಟ್ ಮೇಲೆ ಕೂರಿಸಿದ ಕೂಡಲೇ ಅಂಟಿಸಿದ ಸ್ಟಿಕರ್ ಥರ ಕಾಣುತ್ತದೆ. ಬಣ್ಣ, ಗಾತ್ರ ಎಲ್ಲ ಬದಲಿಸಿ ನೋಡಿದ್ದಾಯಿತು. ತಪ್ಪು ಎಲ್ಲಿದೆ?

ಉ: ಬಹುಪಾಲು ಕಪ್ಪಿನಲ್ಲಿದೆ. ಶಾಟ್‌ನ ಅತಿ ಗಾಢವಾದ ಜಾಗ, ಅಂದರೆ ನೌಕೆಯ ನೆರಳಿನ ಬದಿ, ಫ್ಲೇರ್ ಹಾಕುವ ಮೊದಲು ಎಷ್ಟು ಕಪ್ಪಾಗಿತ್ತೋ ಹಾಕಿದ ಮೇಲೂ ಅಷ್ಟೇ ಕಪ್ಪಾಗಿದ್ದರೆ ನೋಡುವವರ ಕಣ್ಣು ಒಪ್ಪುವುದಿಲ್ಲ.

ಲೆನ್ಸ್ ಒಳಗೆ ನಡೆಯುವುದು ಇಷ್ಟು. ಕೋಟಿಂಗ್ (ಪ್ರತಿಫಲನ ತಗ್ಗಿಸುವ ತೆಳು ಲೇಪ) ಇಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಆ ಬೆಳಕು ಇನ್ನೊಂದು ಮೇಲ್ಮೈಗೆ ಬಡಿದು ಮತ್ತೆ ಸೆನ್ಸರ್ ಕಡೆ ತಿರುಗಿದರೆ ಚಿತ್ರದಲ್ಲಿ ಮೂಡುವ ಬೆಳಕಿನ ಕಲೆಯೇ ಗೋಸ್ಟ್. ಎರಡು ಸಲ ಪ್ರತಿಫಲಿಸಿದ್ದರಿಂದ ಅದರಲ್ಲಿ ಉಳಿಯುವುದು ಶೇ 4ರ ಶೇ 4, ಅಂದರೆ ಮೂಲ ಬೆಳಕಿನ 625ರಲ್ಲಿ ಒಂದು ಪಾಲು. ಒಳ್ಳೆಯ ಬಹುಪದರ ಕೋಟಿಂಗ್‌ನಿಂದ ಪ್ರತಿಫಲನ ಶೇ 0.5ಕ್ಕೆ ಇಳಿದರೆ 40,000ದಲ್ಲಿ ಒಂದು ಪಾಲು. ಇಷ್ಟು ಚೂರು ಬೆಳಕು ಕಾಣಿಸುತ್ತದೆ ಅಂದರೆ ಅದಕ್ಕೆ ಕಾರಣ ಸೂರ್ಯನ ಹೊಳಪು. ಸೂರ್ಯಬಿಂಬದ ಹೊಳಪು ಚದರ ಮೀಟರಿಗೆ ಸುಮಾರು 160 ಕೋಟಿ ಕ್ಯಾಂಡೆಲಾ. ನೀಲಿ ಆಕಾಶದ್ದು ಕೆಲವು ಸಾವಿರ. ಬಿಳಿ ಗೋಡೆ ಎಷ್ಟೇ ಬೆಳಗಿದ್ದರೂ ಗೋಸ್ಟ್ ಹುಟ್ಟಿಸದೆ ಇರುವುದು, ಸೂರ್ಯ, ಹೆಡ್‌ಲೈಟ್, ಬರಿ ಬಲ್ಬು ಹುಟ್ಟಿಸುವುದು ಇದೇ ಕಾರಣಕ್ಕೆ.

ಬಿಡಿಬಿಡಿಯಾಗಿ ಜೋಡಿಸಿದ 10 ಗಾಜುಗಳ ಲೆನ್ಸ್‌ನಲ್ಲಿ 20 ಮೇಲ್ಮೈಗಳು. ಎರಡೆರಡು ಸೇರಿಸಿದರೆ 190 ಜೋಡಿ, ಹಾಗಾಗಿ 190 ಗೋಸ್ಟ್‌ಗಳಿಗೆ ಅವಕಾಶವಿದೆ. ಕಣ್ಣಿಗೆ ಬೀಳುವುದು ಬೆರಳೆಣಿಕೆಯಷ್ಟು. ಉಳಿದವು ಫ್ರೇಮ್ ತುಂಬ ಹರಡಿಕೊಂಡು, ಗಾಜಿನ ಧೂಳು, ಬ್ಯಾರೆಲ್‌ನ ಒಳಗೋಡೆ, ಸೆನ್ಸರ್ ಮೇಲಿಂದ ಚದುರಿದ ಬೆಳಕಿನ ಜೊತೆ ಸೇರಿ ಇಡೀ ಚಿತ್ರದ ಮೇಲೆ ತೆಳ್ಳಗೆ ಮುಸುಕು ಹಾಕುತ್ತವೆ. ಇದಕ್ಕೆ ವೇಲಿಂಗ್ ಗ್ಲೇರ್ ಎನ್ನುತ್ತಾರೆ. ಪ್ರಿಸೆಟ್‌ಗಳು ಗೋಸ್ಟ್‌ಗಳನ್ನು ಧಾರಾಳವಾಗಿ ಕೊಡುತ್ತವೆ, ಈ ಮುಸುಕನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ.

ಲೀನಿಯರ್ ಬೆಳಕಿನ ಲೆಕ್ಕದಲ್ಲಿ (ಬೆಳಕು ಇಮ್ಮಡಿಯಾದರೆ ಬೆಲೆಯೂ ಇಮ್ಮಡಿಯಾಗುವ ಲೆಕ್ಕ) ಮಧ್ಯಮ ಬೂದು 0.18, ನೌಕೆಯ ನೆರಳು 0.005 ಅಂದುಕೊಳ್ಳಿ. ಎಲ್ಲ ಕಡೆ 0.02 ಮುಸುಕು ಕೂಡಿಸಿ. ಬೂದು 0.20 ಆಗುತ್ತದೆ, ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ನೆರಳು ಮಾತ್ರ 0.025ಕ್ಕೆ ಏರುತ್ತದೆ: ಐದು ಪಟ್ಟು, ಎರಡು ಸ್ಟಾಪ್‌ಗಿಂತ ಹೆಚ್ಚು (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ). ಒಂದೇ ಪ್ರಮಾಣದ ಮುಸುಕು ಕಪ್ಪನ್ನು ಹೀಗೆ ಎತ್ತುವುದರಿಂದಲೇ ಸೂರ್ಯನಿಗೆ ಎದುರಾಗಿ ತೆಗೆದ ಶಾಟ್ ಮಾಸಿದಂತೆ ಕಾಣುತ್ತದೆ. ಮಾಡುವ ಬಗೆ ಹೀಗೆ: ಬೆಳಕಿನ ಮೂಲವಿರುವ ಪಾಸ್ (ಬೇರೆಯಾಗಿ ರೆಂಡರ್ ಮಾಡಿದ ಪದರ) ಒಂದನ್ನೇ ತೆಗೆದುಕೊಂಡು ಫ್ರೇಮ್‌ನ ಅರ್ಧ ಅಗಲದಷ್ಟು ಬ್ಲರ್ ಮಾಡಿ, ಅದರ ಮೇಲೆ ಎಲ್ಲ ಕಡೆ ಸಮನಾದ ಸಣ್ಣ ಪ್ರಮಾಣವನ್ನೂ ಸೇರಿಸಿ, ಬೆಳಕಿನ ಬಣ್ಣವನ್ನೇ ಕೊಟ್ಟು ಕೂಡಿಸಿ. ಆಮೇಲೆ ಗೋಸ್ಟ್‌ಗಳ ತೀವ್ರತೆಯನ್ನು ಅರ್ಧಕ್ಕೆ ಇಳಿಸಿ ನೋಡಿ. ಸ್ಟಿಕರ್ ಭಾವ ಬಹುತೇಕ ಅಲ್ಲಿಗೇ ಹೋಗುತ್ತದೆ.

ಪ್ರ: ಗೋಸ್ಟ್‌ಗಳನ್ನು ಎಲ್ಲೆಲ್ಲಿ ಇಡಬೇಕು ಎನ್ನುವುದಕ್ಕೆ ನಿಯಮ ಇದೆಯೇ, ಕಣ್ಣಳತೆಯಲ್ಲಿ ಇಟ್ಟರೆ ಸಾಕೇ?

ಉ: ನಿಯಮವಿದೆ. ಮಾಮೂಲಿ ಗೋಳಾಕಾರದ ಲೆನ್ಸ್‌ನಲ್ಲಿ ಎಲ್ಲ ಗೋಸ್ಟ್‌ಗಳೂ ಬೆಳಕಿನ ಮೂಲ ಮತ್ತು ಲೆನ್ಸ್‌ನ ಅಕ್ಷಬಿಂದು (ಲೆನ್ಸ್‌ನ ನಡುಗೆರೆ ಚಿತ್ರವನ್ನು ಮುಟ್ಟುವ ಜಾಗ) ಎರಡನ್ನೂ ಸೇರಿಸುವ ಒಂದೇ ಗೆರೆಯ ಮೇಲೆ ಕೂರುತ್ತವೆ. 1920×1080 ಫ್ರೇಮ್‌ನ ನಡುಬಿಂದು (960, 540). ಸೂರ್ಯ (1500, 800)ರಲ್ಲಿದ್ದರೆ ನಡುವಿನಿಂದ ಅದರ ದೂರ (540, 260). ಅಕ್ಷದ ಆಚೆ ಬದಿ ಅರ್ಧ ದೂರದಲ್ಲಿ ಕೂರುವ ಗೋಸ್ಟ್‌ಗೆ ಗುಣಕ ಮೈನಸ್ 0.5, ಜಾಗ (690, 410). ಪ್ರತಿ ಗೋಸ್ಟ್‌ಗೂ ಒಂದು ಗುಣಕ ಕೊಟ್ಟು ಕಟ್ಟಿಹಾಕಿ. ಸೂರ್ಯ ಸರಿದ ಹಾಗೆ ಎಲ್ಲವೂ ತಂತಮ್ಮ ವೇಗದಲ್ಲಿ, ಕೆಲವು ಅದೇ ದಿಕ್ಕಿಗೆ, ಕೆಲವು ಎದುರು ದಿಕ್ಕಿಗೆ ಸರಿಯುತ್ತವೆ.

ಎಡವುವುದು ‘ನಡು’ ಎನ್ನುವ ಕಡೆ. ಲೆನ್ಸ್‌ನ ಅಕ್ಷ ಇರುವುದು ಕ್ಯಾಮೆರಾ ಸೆರೆಹಿಡಿದ ಮೂಲ ಚಿತ್ರದ ನಡುವಿನಲ್ಲಿ. ಎಡಿಟಿಂಗ್‌ನಲ್ಲಿ ಶಾಟ್ ಅನ್ನು ಕ್ರಾಪ್ ಮಾಡಿ 200 ಪಿಕ್ಸೆಲ್ ಎಡಕ್ಕೆ ಸರಿಸಿದ್ದರೆ ಅಕ್ಷವೂ 200 ಪಿಕ್ಸೆಲ್ ಎಡಕ್ಕೆ ಹೋಗಿರುತ್ತದೆ. ಪ್ಲಗಿನ್‌ಗೆ ಅದು ತಿಳಿಯದು, ಕ್ರಾಪ್ ಆದ ಫ್ರೇಮ್‌ನ ನಡುವನ್ನೇ ಹಿಡಿದುಕೊಳ್ಳುತ್ತದೆ. ಫ್ಲೇರ್ ಲೆಕ್ಕವನ್ನು ಕ್ರಾಪ್‌ಗೆ ಮೊದಲೇ ಮುಗಿಸುವುದು ವಾಸಿ.

ಇನ್ನೊಂದು, ಕ್ಯಾಮೆರಾ ಪ್ಯಾನ್ ಆಗುವಾಗಿನ ಮೋಷನ್ ಬ್ಲರ್. ಫ್ರೇಮ್‌ಗೆ 40 ಪಿಕ್ಸೆಲ್ ವೇಗದ ಪ್ಯಾನ್, 180 ಡಿಗ್ರಿ ಶಟರ್ (ಫ್ರೇಮ್‌ನ ಅರ್ಧ ಸಮಯ ತೆರೆದಿರುವುದು) ಅಂದರೆ ಸೂರ್ಯ 20 ಪಿಕ್ಸೆಲ್ ಎಳೆದುಕೊಳ್ಳುತ್ತಾನೆ, ಮೈನಸ್ 0.5 ಗುಣಕದ ಗೋಸ್ಟ್ ಎದುರು ದಿಕ್ಕಿಗೆ 10 ಪಿಕ್ಸೆಲ್. ಇಡೀ ಫ್ಲೇರ್ ಲೇಯರ್‌ಗೆ ಒಂದೇ ದಿಕ್ಕಿನ ಬ್ಲರ್ ಹಾಕಿದರೆ ಇದು ಕೆಡುತ್ತದೆ. ಫ್ಲೇರ್ ಅನ್ನು ಶಟರ್ ತೆರೆದಿರುವ ಅವಧಿಯ ಒಳಗೇ ಹಲವು ಸಲ ಲೆಕ್ಕ ಹಾಕಿಸಿ ಸರಾಸರಿ ತೆಗೆಯಬೇಕು.

ಪ್ರ: ಪಾತ್ರಧಾರಿ ಸೂರ್ಯನ ಮುಂದೆ ಹಾದುಹೋಗುತ್ತಾನೆ. ಫ್ಲೇರ್ ಲೇಯರ್ ಅನ್ನು ಅವನ ಹಿಂದೆ ಇಟ್ಟರೆ ಸರಿ ಕಾಣುವುದಿಲ್ಲ, ಮುಂದೆ ಇಟ್ಟರೆ ಸೂರ್ಯ ಮರೆಯಾದ ಮೇಲೂ ಫ್ಲೇರ್ ಉರಿಯುತ್ತಲೇ ಇರುತ್ತದೆ.

ಉ: ಲೇಯರ್ ಮುಂದೆಯೇ ಇರಲಿ, ಎಲ್ಲಕ್ಕಿಂತ ಮುಂದೆ. ಫ್ಲೇರ್ ಹುಟ್ಟುವುದು ಲೆನ್ಸ್ ಒಳಗೆ. ದೃಶ್ಯದಲ್ಲಿರುವ ಯಾವ ವಸ್ತುವೂ ಅದನ್ನು ಮರೆಮಾಡಲಾರದು. ಪಾತ್ರಧಾರಿ ಮರೆಮಾಡುವುದು ಸೂರ್ಯನನ್ನು. ಹಾಗಾಗಿ ನಿಮಗೆ ಬೇಕಾದದ್ದು ಲೇಯರ್ ಕ್ರಮ ಬದಲಿಸುವ ಉಪಾಯ ಅಲ್ಲ, ಫ್ಲೇರ್‌ನ ತೀವ್ರತೆಯನ್ನು ಸೂರ್ಯಬಿಂಬ ಎಷ್ಟು ಕಾಣುತ್ತಿದೆಯೋ ಅದಕ್ಕೆ ಕಟ್ಟುವ ಉಪಾಯ.

ಸೂರ್ಯಬಿಂಬ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ. 36 ಮಿ.ಮೀ. ಅಗಲದ ಸೆನ್ಸರ್, 35 ಮಿ.ಮೀ. ಲೆನ್ಸ್, 1920 ಪಿಕ್ಸೆಲ್ ಅಗಲದ ಚಿತ್ರ ಆದರೆ ಅದು ಸುಮಾರು 17 ಪಿಕ್ಸೆಲ್. ಪಾತ್ರಧಾರಿಯ ಮ್ಯಾಟ್ (ಅವನಿರುವಲ್ಲಿ 1, ಇಲ್ಲದಲ್ಲಿ 0 ಆಲ್ಫಾ ಬೆಲೆಯ ಚಿತ್ರ) ತೆಗೆದುಕೊಂಡು, ಸೂರ್ಯನ ಜಾಗದಲ್ಲಿ 17 ಪಿಕ್ಸೆಲ್ ವ್ಯಾಸದ ವೃತ್ತದೊಳಗಿನ ಆಲ್ಫಾದ ಸರಾಸರಿಯನ್ನು ಫ್ರೇಮ್ ಫ್ರೇಮ್‌ಗೂ ಅಳೆಯಿರಿ. ಒಂದರಿಂದ ಆ ಸರಾಸರಿ ಕಳೆದರೆ ಬರುವುದೇ ಫ್ಲೇರ್‌ನ ಗುಣಕ. ಭುಜದ ಅಂಚು ಫ್ರೇಮ್‌ಗೆ 6 ಪಿಕ್ಸೆಲ್ ಸರಿಯುತ್ತಿದ್ದರೆ ಫ್ಲೇರ್ ಆರಲು ಸುಮಾರು 3 ಫ್ರೇಮ್ ಬೇಕು. ಒಂದೇ ಪಿಕ್ಸೆಲ್ ಅಳೆದರೆ ಸ್ವಿಚ್ ಆರಿಸಿದಂತೆ ಪಟ್ಟನೆ ಹೋಗುತ್ತದೆ. 200 ಪಿಕ್ಸೆಲ್ ಅಗಲದ ಜಾಗ ಅಳೆದರೆ ಭುಜ ಸೂರ್ಯನನ್ನು ಮುಟ್ಟುವ ಮೊದಲೇ ಮಂಕಾಗತೊಡಗುತ್ತದೆ. ಕೂದಲು, ಎಲೆ, ಜಾಲರಿಗಳ ಹಿಂದೆ ಸೂರ್ಯ ಹಾಯುವಾಗ ಈ ಅಳತೆ ಸರಿಯಿದ್ದರೆ ಫ್ಲೇರ್ ತಾನಾಗಿ ಮಿನುಗುತ್ತದೆ. ಕೈಯಿಂದ ಕೀಫ್ರೇಮ್ ಹಾಕಿ ಆ ಮಿನುಗನ್ನು ತರುವುದು ಬಹಳ ಕಷ್ಟ.

ಸೂರ್ಯ ಫ್ರೇಮ್‌ನ ಅಂಚು ದಾಟಿದ ತಕ್ಷಣ ಫ್ಲೇರ್ ನಿಲ್ಲಿಸುವುದೂ ಇದೇ ಜಾತಿಯ ತಪ್ಪು. ಫ್ರೇಮ್ ಹೊರಗಿನ ಬೆಳಕೂ ಲೆನ್ಸ್‌ನ ಮುಂಗಾಜಿನ ಮೇಲೆ ಬೀಳುತ್ತಲೇ ಇರುತ್ತದೆ. ಹುಡ್ ಅಥವಾ ಮ್ಯಾಟ್ ಬಾಕ್ಸ್‌ನ (ಲೆನ್ಸ್ ಮುಂದಿನ ಮರೆಗಳ) ನೆರಳು ಗಾಜನ್ನು ಮುಚ್ಚುವವರೆಗೆ ಮುಸುಕು ಮತ್ತು ಒಂದೆರಡು ಗೋಸ್ಟ್ ಉಳಿಯಬೇಕು. ಸೂರ್ಯನ ಜಾಗದ ಟ್ರ್ಯಾಕ್ ಅನ್ನು ಫ್ರೇಮ್ ಆಚೆಗೂ ಮುಂದುವರಿಸಿ. ಸಿಜಿಯನ್ನು ಎರಡೂ ಅಳತೆಯಲ್ಲಿ ಶೇ 10 ಹೆಚ್ಚು, ಅಂದರೆ 1920×1080ಕ್ಕೆ 2112×1188 ಓವರ್‌ಸ್ಕ್ಯಾನ್ ಇಟ್ಟು ರೆಂಡರ್ ಮಾಡಿದರೆ ಅನುಕೂಲ.

ಪ್ರ: ಬೀದಿದೀಪದ ಸುತ್ತಲಿನ ಪ್ರಭೆಯನ್ನು ಪಾತ್ರಧಾರಿಯ ತಲೆ ಮುಚ್ಚಬೇಕೇ, ಬೇಡವೇ?

ಉ: ಆ ಪ್ರಭೆ ಎಲ್ಲಿಯದು ಎಂದು ಮೊದಲು ತೀರ್ಮಾನಿಸಿ. ಮಂಜಿನಿಂದಾದ ಪ್ರಭೆ ದೃಶ್ಯದೊಳಗಿನ ವಸ್ತು. ದೀಪದ ಹತ್ತಿರವೇ ಇರುತ್ತದೆ, ಮುಂದೆ ನಿಂತವನ ತಲೆ ಅದನ್ನು ಮುಚ್ಚುತ್ತದೆ. ಲೆನ್ಸ್‌ನಿಂದಾದ ಪ್ರಭೆ ತಲೆಯ ಅಂಚನ್ನು ದಾಟಿ ಕೂದಲ ಮೇಲೆ ಚೆಲ್ಲುತ್ತದೆ, ದೀಪ ಪೂರ್ತಿ ಮರೆಯಾದರೆ ಪೂರ್ತಿ ಹೋಗುತ್ತದೆ. ಮಂಜಿನ ರಾತ್ರಿಯ ಶಾಟ್‌ನಲ್ಲಿ ಎರಡೂ ಇರಬೇಕು, ಎರಡು ಬೇರೆ ಲೇಯರ್‌ಗಳಲ್ಲಿ.

ಪ್ರ: ದೀಪಗಳಿಗೆಂದು ಗ್ಲೋ (ಸುತ್ತ ಹರಡಿದ ಹೊಳಪು) ಹಾಕಿದರೆ ಇಡೀ ಚಿತ್ರ ಸಾಫ್ಟ್ ಫೋಕಸ್ ಆದಂತೆ ಕಾಣುತ್ತದೆ, ಕಡಿಮೆ ಮಾಡಿದರೆ ದೀಪಗಳಿಗೇ ಗ್ಲೋ ಬರುವುದಿಲ್ಲ.

ಉ: ನಿಮ್ಮ ಫೈಲ್‌ನಲ್ಲಿ ದೀಪ ಸಾಕಷ್ಟು ಹೊಳೆಯುತ್ತಿಲ್ಲ. 8 ಬಿಟ್ ಚಿತ್ರದಲ್ಲಿ ಬಿಳಿ ಕಾಗದವೂ ಬಲ್ಬಿನ ತಂತಿಯೂ ಹೆಚ್ಚೆಂದರೆ 1.0. ಎರಡಕ್ಕೂ ಒಂದೇ ಗ್ಲೋ ಬೀಳುತ್ತದೆ. ಓಪನ್ ಇಎಕ್ಸ್‌ಆರ್ ಎನ್ನುವ ಚಿತ್ರ ಫೈಲ್ ಮಾದರಿಯ ಅರ್ಧ-ಫ್ಲೋಟ್ (16 ಬಿಟ್) ಫೈಲ್ 65,504ರವರೆಗೆ ಬೆಲೆ ಹಿಡಿದಿಡಬಲ್ಲದು. ದೀಪದ ಬೆಲೆ 300, ಕಾಗದದ್ದು 0.9 ಇದ್ದರೆ ಶೇ 5ರ ಗ್ಲೋ ದೀಪದ ಸುತ್ತ ಎದ್ದು ಕಾಣುತ್ತದೆ, ಕಾಗದದ ಸುತ್ತ ಗೊತ್ತೂ ಆಗುವುದಿಲ್ಲ. ಥ್ರೆಶೋಲ್ಡ್ (ಇಷ್ಟು ಹೊಳಪು ಮೀರಿದರೆ ಮಾತ್ರ ಗ್ಲೋ ಎನ್ನುವ ಮಿತಿ) ಬೇಕಾಗುವುದೇ ಇಲ್ಲ. ಥ್ರೆಶೋಲ್ಡ್ ಇಟ್ಟರೆ ಹೊಳಪು ಆ ಗೆರೆಯನ್ನು ಹಿಂದೆ ಮುಂದೆ ದಾಟಿದಾಗಲೆಲ್ಲ ಗ್ಲೋ ಪಟಪಟ ಮಿಟುಕುತ್ತದೆ.

ನಾವು ಸಲಹೆ ಮಾಡುವ ವಿಧಾನ: ಲೀನಿಯರ್ ಚಿತ್ರವನ್ನು 4, 8, 16, 32, 64, 128 ಪಿಕ್ಸೆಲ್‌ಗಳಲ್ಲಿ ಆರು ಸಲ ಬೇರೆ ಬೇರೆ ಬ್ಲರ್ ಮಾಡಿ. ಅವಕ್ಕೆ 32, 16, 8, 4, 2, 1ರ ತೂಕ ಕೊಟ್ಟು ಕೂಡಿಸಿ 63ರಿಂದ ಭಾಗಿಸಿ. ಮೂಲ ಚಿತ್ರದ ಶೇ 95, ಇದರ ಶೇ 5 ಬೆರೆಸಿ. ಒಟ್ಟು ಬೆಳಕು ಹೆಚ್ಚುವುದಿಲ್ಲ, ಹರಡುತ್ತದೆ ಅಷ್ಟೆ. ಒಂದೇ ಬ್ಲರ್‌ನ ಗ್ಲೋ ದುಂಡನೆಯ ಉಂಡೆಯಂತೆ ಮುಗಿದುಬಿಡುತ್ತದೆ. ನಿಜವಾದದ್ದು ನಡುವಿನಲ್ಲಿ ಚೂಪಾಗಿದ್ದು, ಅಂಚು ಎಲ್ಲಿ ಮುಗಿಯಿತೆಂದು ಹೇಳಲಾಗದಷ್ಟು ದೂರ ಇಳಿಯುತ್ತ ಹೋಗುತ್ತದೆ.

ಆದರೂ ಗ್ಲೋ ಬರದಿದ್ದರೆ ರೆಂಡರರ್‌ನ ಕ್ಲ್ಯಾಂಪ್ (ಬೆಲೆಯ ಗರಿಷ್ಠ ಮಿತಿ) ನೋಡಿ. ಚುಕ್ಕೆ ಗದ್ದಲ ತಡೆಯಲು ಯಾರಾದರೂ ಅದನ್ನು 10ಕ್ಕೆ ಇಟ್ಟಿದ್ದರೆ 300ರ ದೀಪ 10ಕ್ಕೆ ಕತ್ತರಿಸಿಹೋಗಿರುತ್ತದೆ. ಕಾಣುವ ದೀಪಗಳನ್ನು ಕ್ಲ್ಯಾಂಪ್ ಇಲ್ಲದ ಪ್ರತ್ಯೇಕ ಪಾಸ್‌ನಲ್ಲಿ ತೆಗೆಯಿರಿ. ನಿಜ ಕ್ಯಾಮೆರಾದ ಪ್ಲೇಟ್‌ನಲ್ಲೂ (ಸೆರೆಹಿಡಿದ ಮೂಲ ಚಿತ್ರಣದಲ್ಲೂ) ಇದೇ ಕಥೆ: ಸೂರ್ಯ ಕ್ಲಿಪ್ ಆಗಿರುತ್ತಾನೆ, ಅವನ ಜಾಗಕ್ಕೆ ದೊಡ್ಡ ಬೆಲೆಯ ಸಣ್ಣ ಬಿಂಬ ಕೂರಿಸಿ ಅದರಿಂದ ಗ್ಲೋ ತೆಗೆಯಬೇಕು.

ಪ್ರ: ಫ್ಲೇರ್ ಲೇಯರ್ ಅನ್ನು ಚಿತ್ರಕ್ಕೆ ಬೆರೆಸಲು ಸ್ಕ್ರೀನ್ ಮೋಡ್ ಬಳಸಬೇಕೇ, ಆ್ಯಡ್ ಬಳಸಬೇಕೇ?

ಉ: ಲೀನಿಯರ್‌ನಲ್ಲಿ ಆ್ಯಡ್. ಬೆಳಕು ಬೆಳಕಿಗೆ ಕೂಡುತ್ತದೆ. ಸ್ಕ್ರೀನ್ ಸೂತ್ರ 0ಯಿಂದ 1ರೊಳಗಿನ ಬೆಲೆಗಳಿಗಾಗಿ ಮಾಡಿದ್ದು, 1 ದಾಟಿದರೆ ಉತ್ತರ ತಪ್ಪುತ್ತದೆ.

ಕ್ರಮವನ್ನೂ ಹೇಳಿಬಿಡುತ್ತೇವೆ. ಸಿಜಿ ಮತ್ತು ಪ್ಲೇಟ್ ಜೋಡಣೆ, ಡಿಫೋಕಸ್, ಮೋಷನ್ ಬ್ಲರ್, ಲೆನ್ಸ್ ಡಿಸ್ಟಾರ್ಷನ್ ಎಲ್ಲ ಮುಗಿದ ಮೇಲೆ ಗ್ಲೋ, ಗೋಸ್ಟ್, ಮುಸುಕು, ಅದಾದ ಮೇಲೆ ಗ್ರೇನ್ (ಫಿಲ್ಮ್‌ನಂತಹ ಸಣ್ಣ ಕಣಗಳು), ಕೊನೆಗೆ ಗ್ರೇಡ್ (ಬಣ್ಣ ತಿದ್ದುವುದು). ಡಿಸ್ಟಾರ್ಷನ್‌ಗೆ ಮೊದಲೇ ಫ್ಲೇರ್ ಹಾಕಿದರೆ ನೇರ ಇರಬೇಕಾದ ಗೆರೆಗಳು ಬಾಗುತ್ತವೆ. ಗ್ರೇನ್ ಆದ ಮೇಲೆ ಹಾಕಿದರೆ ಫ್ಲೇರ್ ಪ್ಲಾಸ್ಟಿಕ್‌ನಷ್ಟು ನುಣುಪಾಗಿ ತೇಲುತ್ತದೆ.

ಪ್ರ: ಅನಾಮಾರ್ಫಿಕ್ ಲೆನ್ಸ್‌ನ (ಅಗಲ ದೃಶ್ಯವನ್ನು ಅಡ್ಡಕ್ಕೆ ಕುಗ್ಗಿಸಿ ಹಿಡಿಯುವ ಲೆನ್ಸ್‌ನ) ನೀಲಿ ಅಡ್ಡಗೆರೆ ತುಂಬ ಇಷ್ಟ. ಅದನ್ನು ಸರಿಯಾಗಿ ಮಾಡುವುದು ಹೇಗೆ?

ಉ: ಆ ಗೆರೆ ಬರುವುದು ಒಂದೇ ದಿಕ್ಕಿಗೆ ಬಾಗಿರುವ ಸಿಲಿಂಡರ್ ಗಾಜಿನಿಂದ. ಗಾಜು ಕ್ಯಾಮೆರಾಕ್ಕೆ ಕಟ್ಟಿಕೊಂಡಿರುವುದರಿಂದ ಗೆರೆ ಯಾವಾಗಲೂ ಫ್ರೇಮ್‌ನ ಉದ್ದಂಚಿಗೆ ಸಮಾಂತರ. ಕ್ಯಾಮೆರಾ 15 ಡಿಗ್ರಿ ವಾಲಿ ದಿಗಂತ ಓರೆಯಾದರೂ ಗೆರೆ ಓರೆಯಾಗಬಾರದು. ಗೆರೆಯನ್ನು ದೃಶ್ಯಕ್ಕೆ ಕಟ್ಟಿ ವಾಲಿಸಿದ ಶಾಟ್‌ಗಳು ಎಷ್ಟೋ ಸಲ ಕಣ್ಣಿಗೆ ಬೀಳುತ್ತವೆ.

ನೀಲಿ ಬಣ್ಣ ಕೋಟಿಂಗ್‌ನದು, ಆದರೆ ಅದು ದೀಪದ ಬಣ್ಣದೊಂದಿಗೆ ಗುಣಿಸಿಕೊಳ್ಳುತ್ತದೆ. ಕಡುಗೆಂಪು ಎಲ್‌ಇಡಿಯಲ್ಲಿ ನೀಲಿಯ ಅಂಶವೇ ಇಲ್ಲ, ಅದರಿಂದ ನೀಲಿ ಗೆರೆ ಹುಟ್ಟಲು ಸಾಧ್ಯವಿಲ್ಲ. ಕಾರಿನ ಬ್ರೇಕ್ ದೀಪಕ್ಕೆ ನೀಲಿ ಗೆರೆ ಎಳೆದರೆ ಮಿಕ್ಕದ್ದೆಲ್ಲ ಸರಿಯಿದ್ದರೂ ಶಾಟ್ ಬೀಳುತ್ತದೆ. ಗೆರೆಯ ಜೊತೆಗೆ ಬರಬೇಕಾದದ್ದು ಬೋಕೆ, ಅಂದರೆ ಫೋಕಸ್ ತಪ್ಪಿದ ದೀಪಗಳು ತಾಳುವ ಆಕಾರ. ಸಿಲಿಂಡರ್ ಗಾಜು ಮುಂಭಾಗದಲ್ಲಿರುವ 2 ಪಟ್ಟಿನ ಅನಾಮಾರ್ಫಿಕ್‌ನಲ್ಲಿ ಔಟ್ ಆಫ್ ಫೋಕಸ್ ದೀಪಗಳು ಅಗಲಕ್ಕಿಂತ ಸುಮಾರು ಎರಡು ಪಟ್ಟು ಎತ್ತರದ ಅಂಡಾಕಾರ ತಾಳುತ್ತವೆ. ದುಂಡನೆಯ ಬೋಕೆ ಮೇಲೆ ನೀಲಿ ಗೆರೆ ಇದ್ದರೆ ಅದು ಮಾಮೂಲಿ ಲೆನ್ಸ್‌ಗೆ ಸ್ಟ್ರೀಕ್ ಫಿಲ್ಟರ್ ಹಾಕಿದ ನೋಟ. ಅದೂ ನಿಜ ಜಗತ್ತಿನಲ್ಲಿದೆ, ಆದರೆ ಒಂದೇ ಚಿತ್ರದಲ್ಲಿ ಎರಡನ್ನೂ ಬೆರೆಸಬೇಡಿ.

ಪ್ರ: ನಕ್ಷತ್ರದಂತಹ ಕಿರಣಗಳು ಎಷ್ಟಿರಬೇಕು?

ಉ: ಐರಿಸ್‌ನ (ಲೆನ್ಸ್‌ನಲ್ಲಿ ಬೆಳಕಿನ ದ್ವಾರವನ್ನು ಹಿಗ್ಗಿಸಿ ಕುಗ್ಗಿಸುವ ಭಾಗದ) ಎಸಳು ಸಮಸಂಖ್ಯೆಯಾದರೆ ಅಷ್ಟೇ, ಬೆಸವಾದರೆ ಎರಡು ಪಟ್ಟು. 6 ಎಸಳಿಗೆ 6, 8ಕ್ಕೆ 8, 7ಕ್ಕೆ 14, 9ಕ್ಕೆ 18. ಬೋಕೆ ಆರು ಮೂಲೆಯದಾಗಿದ್ದು ನಕ್ಷತ್ರಕ್ಕೆ 14 ಕಿರಣ ಇದ್ದರೆ ಎರಡು ಬೇರೆ ಲೆನ್ಸ್ ಆಯಿತು. ದೀಪ ಸರಿದರೂ ನಕ್ಷತ್ರ ತಿರುಗುವುದಿಲ್ಲ, ಐರಿಸ್ ತಿರುಗುತ್ತಿಲ್ಲವಲ್ಲ. ಚೂಪಾದ ಕಿರಣ ಬರುವುದು ದ್ವಾರವನ್ನು ಎಫ್/11, ಎಫ್/16ರಂತೆ ಕಿರಿದಾಗಿಸಿದಾಗ. ಹಿನ್ನೆಲೆ ಪೂರ್ತಿ ಮಸುಕಾಗಿರುವ ಎಫ್/2ರ ಶಾಟ್‌ನಲ್ಲಿ ಐರಿಸ್ ಬಹುತೇಕ ದುಂಡಗಿರುತ್ತದೆ. ಅಲ್ಲಿ ಚೂಪು ನಕ್ಷತ್ರ ಹೊಳೆದರೆ ಛಾಯಾಗ್ರಹಣ ಬಲ್ಲವರು ಕೂಡಲೇ ಹಿಡಿಯುತ್ತಾರೆ.

ಪ್ರ: ಗ್ರೀನ್ ಸ್ಕ್ರೀನ್ ಶೂಟಿಂಗ್‌ನಲ್ಲಿ ಫ್ಲೇರ್ ಬರಲು ಬಿಡಬೇಕೇ, ತಡೆಯಬೇಕೇ?

ಉ: ತಡೆಯಿರಿ, ಆಮೇಲೆ ಹಾಕಿ. ಫ್ಲೇರ್ ಇರುವ ಪ್ಲೇಟ್‌ನಲ್ಲಿ ಹಸಿರು ಒಂದೇ ಮಟ್ಟದಲ್ಲಿ ಇರುವುದಿಲ್ಲ, ಕೀ (ಹಸಿರನ್ನು ತೆಗೆದು ನಟನನ್ನು ಬಿಡಿಸುವುದು) ಹರಿಯುತ್ತದೆ. ಗೋಸ್ಟ್ ಅರ್ಧ ನಟನ ಮೇಲೆ, ಅರ್ಧ ಹಸಿರಿನ ಮೇಲೆ ಬಿದ್ದರೆ ಕೀ ತೆಗೆದಾಗ ಅರ್ಧ ಗೋಸ್ಟ್ ಉಳಿದುಕೊಳ್ಳುತ್ತದೆ. ಫ್ಲ್ಯಾಗ್ (ಬೆಳಕು ತಡೆಯುವ ಕಪ್ಪು ಮರೆ) ನಿಲ್ಲಿಸಿ ಲೆನ್ಸ್‌ಗೆ ನೆರಳು ಮಾಡಿ. ಹಸಿರು ಪರದೆಯೂ ಮುಸುಕು ಹಾಕುತ್ತದೆಂಬುದು ಹಲವರಿಗೆ ಹೊಳೆಯುವುದಿಲ್ಲ: ಪರದೆ ದೊಡ್ಡದಾದಷ್ಟೂ ನಟನ ಕಪ್ಪು ಕೋಟು ಹಸಿರು ಬೂದಾಗುತ್ತದೆ. ನಟನ ಹಿಂದೆ ಬೇಕಾದಷ್ಟು ಬಿಟ್ಟು, ಫ್ರೇಮ್ ಹೊರಗಿನ ಪರದೆಯನ್ನು ಕಪ್ಪು ಬಟ್ಟೆಯಿಂದ ಮುಚ್ಚಿ.

ಅದೇ ದಿನ, ಅದೇ ಲೆನ್ಸ್‌ನಲ್ಲಿ ಫ್ಲೇರ್ ಎಲಿಮೆಂಟ್ (ಆಮೇಲೆ ಕೂಡಿಸಲು ಫ್ಲೇರ್ ಮಾತ್ರ ಇರುವ ಚಿತ್ರಣ) ತೆಗೆದಿಟ್ಟುಕೊಳ್ಳಿ. ಪೂರ್ತಿ ಕತ್ತಲ ಕೋಣೆ, ಹಿಂದೆ ಕಪ್ಪು ಬಟ್ಟೆ. ಮೂರು ನಾಲ್ಕು ಮೀಟರ್ ದೂರದಲ್ಲಿ ಸಣ್ಣ ಬಿಳಿ ಎಲ್‌ಇಡಿ. ಕ್ಯಾಮೆರಾ ಕದಲಿಸದೆ ದೀಪವನ್ನು ನಡುವಿನಿಂದ ಬಲ ಅಂಚಿಗೆ, ಮೇಲಂಚಿಗೆ, ಮೂಲೆಗೆ ನಿಧಾನವಾಗಿ ಒಯ್ಯಿರಿ. ಅಂಚು ದಾಟಿದ ಮೇಲೂ ಮುಸುಕು ಆರುವ ತನಕ ಮುಂದುವರಿಸಿ. ಇದನ್ನು ದ್ವಾರದ ಅಳತೆ ಟಿ2.8, ಟಿ5.6, ಟಿ11ರಲ್ಲಿ ಮರಳಿ ಮಾಡಿ, ಫೋಕಸ್ ದೂರ ಶಾಟ್‌ನದೇ ಇರಲಿ. ಶೂಟಿಂಗ್‌ನಲ್ಲಿ ಫಿಲ್ಟರ್ ಇದ್ದಿದ್ದರೆ ಇಲ್ಲಿಯೂ ಇರಲೇಬೇಕು, ಚಪ್ಪಟೆ ಫಿಲ್ಟರ್ ತನ್ನದೇ ಗೋಸ್ಟ್ ಹುಟ್ಟಿಸುತ್ತದೆ: ನಡುವಿನ ಆಚೆ ಬದಿ, ಅಷ್ಟೇ ದೂರದಲ್ಲಿ, ತಲೆಕೆಳಗಾದ ಚೂಪು ಪ್ರತಿ. ಫೋನ್ ಕ್ಯಾಮೆರಾದಲ್ಲಿ ರಾತ್ರಿ ದೀಪಗಳಿಗೆ ಎದುರಾಗಿ ಕಾಣುವ ಸಣ್ಣ ಹಸಿರು ಚುಕ್ಕೆಗಳೂ ಹೀಗೇ ತಲೆಕೆಳಗಾಗಿ ಕೂರುತ್ತವೆ. ಫೋನಿನಲ್ಲಿ ತೆಗೆದಂತೆ ತೋರಿಸಬೇಕಾದ ಸಿಜಿ ಶಾಟ್‌ಗೆ ದೊಡ್ಡ ಷಟ್ಕೋನ ಗೋಸ್ಟ್‌ಗಳ ಬದಲು ಆ ಚುಕ್ಕೆಗಳನ್ನೇ ಕೊಡಿ.

ಎಲಿಮೆಂಟ್‌ನಿಂದ ಸೆನ್ಸರ್‌ನ ಕಪ್ಪು ಮಟ್ಟ ಕಳೆದು, ಗದ್ದಲ ತೆಗೆದು, ಆಮೇಲೆ ಕೂಡಿಸಿ. ದೀಪ ಬಿಳಿಯದಾದ್ದರಿಂದ ಯಾವ ಬಣ್ಣಕ್ಕೆ ಬೇಕಾದರೂ ಗುಣಿಸಬಹುದು.

ಪ್ರ: ಪೂರ್ತಿ ಅನಿಮೇಷನ್ ಚಿತ್ರದಲ್ಲಿ ಕ್ಯಾಮೆರಾವೇ ಇಲ್ಲ. ಅಲ್ಲಿ ಲೆನ್ಸ್‌ನ ದೋಷವನ್ನು ಯಾಕೆ ಬೇಕೆಂದೇ ತರಬೇಕು?

ಉ: ನೋಡುಗರು ಸಿನಿಮಾ ನೋಡುವುದನ್ನು ಕಲಿತದ್ದೇ ಲೆನ್ಸ್ ಮೂಲಕ. 2008ರ ‘ವಾಲ್-ಇ’ ಅನಿಮೇಷನ್ ಚಿತ್ರಕ್ಕಾಗಿ ಪಿಕ್ಸಾರ್ ಸ್ಟುಡಿಯೊದವರು 1970ರ ದಶಕದ ಪ್ಯಾನಾವಿಷನ್ ಕ್ಯಾಮೆರಾ, ಲೆನ್ಸ್‌ಗಳಿಂದ ಪರೀಕ್ಷೆಯ ಚಿತ್ರಣ ಮಾಡಿ, ತಮ್ಮ ಸಾಫ್ಟ್‌ವೇರ್ ಕ್ಯಾಮೆರಾವನ್ನು ಅದಕ್ಕೆ ಹೋಲಿಸಿ ತಿದ್ದಿಕೊಂಡರು, ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಸಲಹೆಗಾರರಾಗಿದ್ದರು. ಅವರು ಮಾಡಿದ್ದರಲ್ಲಿ ಅನುಕರಿಸಬೇಕಾದದ್ದು ಈ ಕ್ರಮ: ಮೊದಲು ಲೆನ್ಸ್ ಆರಿಸಿಕೊಳ್ಳುವುದು, ಆಮೇಲೆ ಅದರ ಎಲ್ಲ ಗುಣದೋಷಗಳಿಗೂ ಬದ್ಧರಾಗಿರುವುದು.

ಪಾತ್ರದ ಬರಿಗಣ್ಣಿನ ನೋಟ ತೋರಿಸುವಾಗ ಮಾತ್ರ ಗೋಸ್ಟ್ ಬೇಡ. ಮನುಷ್ಯನ ಕಣ್ಣಿಗೆ ಷಟ್ಕೋನಗಳ ಸಾಲು ಕಾಣುವುದಿಲ್ಲ. ಪ್ರಭೆ, ಸಣ್ಣ ಎಳೆಗಳಂತಹ ಕಿರಣಗಳು, ಮುಸುಕು ಸಾಕು. ಅದೇ ಪಾತ್ರ ಹೆಲ್ಮೆಟ್‌ನ ಕ್ಯಾಮೆರಾ ಮೂಲಕ ನೋಡುತ್ತಿದ್ದರೆ ಗೋಸ್ಟ್ ಮತ್ತೆ ಬರಲಿ.

ಪ್ರ: ಲೆನ್ಸ್‌ನ ಗಾಜುಗಳನ್ನೇ ಮಾಡೆಲ್ ಮಾಡಿ ಕಿರಣಗಳನ್ನು ಹಾಯಿಸಿ ಫ್ಲೇರ್ ಪಡೆಯಬಹುದೇ?

ಉ: ಬಹುದು. ಪ್ರತಿ ಗಾಜಿನ ವಕ್ರತೆ, ದಪ್ಪ, ವಕ್ರೀಭವನ ಸೂಚ್ಯಂಕ ಬೇಕು. ಹಳೆಯ ಲೆನ್ಸ್ ಪೇಟೆಂಟ್‌ಗಳಲ್ಲಿ ಇವು ಪಟ್ಟಿಯಾಗಿಯೇ ಸಿಗುತ್ತವೆ. 2011ರ ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಮಥಿಯಾಸ್ ಹುಲಿನ್ ಮತ್ತು ಸಂಗಡಿಗರು ಎರಡೆರಡು ಪ್ರತಿಫಲನಗಳ ಜೋಡಿಗಳನ್ನು ಎಣಿಸಿ, ವಿರಳವಾದ ಕಿರಣಜಾಲವನ್ನು ಹಾಯಿಸಿ, ಆಟಗಳಿಗೆ ಬೇಕಾದ ವೇಗದಲ್ಲೇ ಫ್ಲೇರ್ ಮೂಡಿಸುವ ವಿಧಾನ ತೋರಿಸಿದರು. ಇದರ ಲಾಭ ಅಂಚುಗಳಲ್ಲಿ ಕಾಣುತ್ತದೆ: ದೀಪ ಮೂಲೆಗೆ ಸರಿದಂತೆ ಗೋಸ್ಟ್‌ಗಳು ಬ್ಯಾರೆಲ್‌ಗೆ ತಾಗಿ ಕತ್ತರಿಸಿಕೊಳ್ಳುವುದು, ಮಡಚಿದಂತಾಗಿ ಒಂದು ಅಂಚು ಹೊಳೆಯುವುದು, ಪ್ರಿಸೆಟ್‌ಗಳಲ್ಲಿ ಎಂದೂ ಬರದ ಆಕಾರಗಳು. ತೊಂದರೆ ಕೋಟಿಂಗ್‌ನಲ್ಲಿ. ಅದರ ಪದರಗಳ ವಿವರವನ್ನು ತಯಾರಕರು ಬಿಟ್ಟುಕೊಡುವುದಿಲ್ಲ, ಆದ್ದರಿಂದ ಬಣ್ಣಗಳನ್ನು ಊಹಿಸಬೇಕಾಗುತ್ತದೆ. ಕತ್ತಲ ಕೋಣೆಯಲ್ಲಿ ತೆಗೆದ ಎಲಿಮೆಂಟ್ ಕೈಯಲ್ಲಿದ್ದರೆ ಪ್ರತಿ ಗೋಸ್ಟ್‌ನ ಬಣ್ಣವನ್ನು ಅದರಿಂದಲೇ ಎತ್ತಿಕೊಂಡು ಲೆಕ್ಕದ ಆಕಾರಗಳಿಗೆ ತುಂಬಬಹುದು.